ಇದು ಯಾವ ಶೈಲಿ?

"ಎಲ್ಲಾ ಚೆನ್ನಾಗಿತ್ತಮ್ಮ. ಆದರೆ ಇದು ಯಾವ ಶೈಲಿ ಅಂತ ಗೊತ್ತಾಗಲಿಲ್ಲವಲ್ಲ?"

2016ರ ಮಾತು. ಹಾಸನದಲ್ಲಿ ಒಂದು ಮಹಿಳಾ ಸಮಾಜದ ವಾರ್ಷಿಕೋತ್ಸವ. ಇಪ್ಪತ್ತು ನಿಮಿಷ ನರ್ತಿಸಿ, ಮುಖ ತೊಳೆದುಕೊಂಡು ಬಂದು, ಉಪ್ಪಿಟ್ಟು ಕೇಸರಿಬಾತಿನ ತಟ್ಟೆ ಹಿಡಿದು ನಿಂತಿದ್ದೆ. ಮುಖ್ಯ ಅತಿಥಿಗಳಾಗಿ ಬಂದಿದ್ದ ಹಿರಿಯರು ಹತ್ತಿರ ಬಂದು ಹೀಗೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ "ಪಂದನಲ್ಲೂರೋ, ಮೈಸೂರೋ, ಕಲಾಕ್ಷೇತ್ರವೋ?" ಎಂದು ಅವರೇ ಮೂರು ಉತ್ತರಗಳನ್ನೂ ಕೊಟ್ಟರು, ಸರಿಯಾದುದಕ್ಕೆ ಗುರುತು ಹಾಕುವುದಷ್ಟೇ ನನ್ನ ಕೆಲಸ ಎನ್ನುವ ಹಾಗೆ.

"ನನ್ನದೇ ಸಾರ್" ಎಂದೆ.

ಅವರು ನಕ್ಕರು. "ಎಲ್ಲರೂ ಅವರವರದೇ ಅಂತ ಶುರು ಮಾಡಿಕೊಂಡರೆ ಭರತಮುನಿ ಗತಿ ಏನಮ್ಮ?" ಎಂದರು. ಸುತ್ತ ನಿಂತಿದ್ದ ನಾಲ್ಕಾರು ಹೆಂಗಸರೂ ನಕ್ಕರು. ನಾನೂ ನಕ್ಕೆ. ನಗು ಬಂದು ನಕ್ಕದ್ದಲ್ಲ, ನಗದಿದ್ದರೆ ಅಹಂಕಾರವೆಂದುಕೊಳ್ಳುತ್ತಾರೆ ಎಂದು ನಕ್ಕದ್ದು. ಈ ನಗುವನ್ನು ಹೆಣ್ಣುಮಕ್ಕಳಿಗೆ ಯಾವ ಗುರುವೂ ಹೇಳಿಕೊಡಬೇಕಾಗಿಲ್ಲ, ಮನೆಯಲ್ಲೇ ಕಲಿತು ಬಂದಿರುತ್ತೇವೆ. ಆ ಹಿರಿಯರಿಗೆ ಅಂದು ಹೇಳಬೇಕಾಗಿದ್ದ ಉತ್ತರ ಮನೆಗೆ ಬಂದ ಮೇಲೆ ಹೊಳೆಯಿತು. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವಂಥದಲ್ಲ ಅದು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಏಳನೆಯ ವಯಸ್ಸಿಗೆ ನನ್ನನ್ನು ಭರತನಾಟ್ಯಕ್ಕೆ ಸೇರಿಸಿದರು. ಗುರುಗಳ ಮನೆಯ ನಡುಮನೆಯೇ ಪಾಠಶಾಲೆ. ಕೆಂಪು ಗಾರೆ ನೆಲ, ಗೋಡೆಯ ಮೇಲೆ ನಟರಾಜನ ಪಟ, ಗುರುಗಳ ಮುಂದೆ ತಟ್ಟುಮಣೆ, ಕೈಯಲ್ಲಿ ತಟ್ಟುಕೋಲು. ಮೊದಲ ಎರಡು ವರ್ಷ ಬರಿಯ ಅಡವುಗಳು. ಅಂಗಾಲು ಉರಿಯುವವರೆಗೆ ತಟ್ಟಡವು, ತೊಡೆ ನಡುಗುವವರೆಗೆ ಅರಮಂಡಿ. ಆಮೇಲೆ ಹಸ್ತಗಳು. ಅಸಂಯುತ ಹಸ್ತ 28. ಅದರ ಶ್ಲೋಕವನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆವು. ಜೂನಿಯರ್, ಸೀನಿಯರ್, ವಿದ್ವತ್ ಎಂದು ಒಂದಾದ ಮೇಲೊಂದು ಪರೀಕ್ಷೆ. ಹೀಗೆ ಹದಿನಾಲ್ಕು ವರ್ಷ.

ನನ್ನ ಗುರುಗಳ ಮೇಲೆ ನನಗೆ ದೂರಿಲ್ಲ. ಹೇಗೆ ಕೂತರೆ ಹೇಗೆ ಏಳಬೇಕು, ಉಸಿರನ್ನು ಎಲ್ಲಿ ಹಿಡಿದು ಎಲ್ಲಿ ಬಿಡಬೇಕು, ಕಣ್ಣನ್ನು ಎಲ್ಲಿ ನೆಡಬೇಕು ಎಂಬುದನ್ನು ಅವರಷ್ಟು ಶ್ರದ್ಧೆಯಿಂದ ಕಲಿಸಿದವರು ಕಡಿಮೆ. ಈ ಮೈಗೆ ಒಂದು ವ್ಯಾಕರಣ ಸಿಕ್ಕಿದ್ದೇ ಆ ಗಾರೆ ನೆಲದ ಮೇಲೆ. ನನ್ನ ಜಗಳ ಬೇರೆ. ಶಾಲೆಯಲ್ಲಿ ಕನ್ನಡ ಕಲಿಸುವವರು ಅಕ್ಷರ ತಿದ್ದಿಸುತ್ತಾರೆ, ಕಾಪಿ ಬರೆಸುತ್ತಾರೆ, ಉಕ್ತಲೇಖನ ಕೊಡುತ್ತಾರೆ. ಆದರೆ ಐದನೆಯ ಕ್ಲಾಸಿಗೆ ಬರುವಷ್ಟರಲ್ಲಿ 'ನಾನು ಕಂಡ ಜಾತ್ರೆ' ಎಂದು ಒಂದು ಪುಟ ಸ್ವಂತವಾಗಿ ಬರೆ ಎನ್ನುತ್ತಾರೆ. ಮಗು ತಪ್ಪುತಪ್ಪಾಗಿ ಬರೆಯುತ್ತದೆ. ಆದರೂ ಅದು ಕಂಡ ಜಾತ್ರೆಯನ್ನೇ ಬರೆಯುತ್ತದೆ. ನೃತ್ಯದಲ್ಲಿ ನಾನು ಹದಿನಾಲ್ಕು ವರ್ಷ ಕಾಪಿ ಪುಸ್ತಕವನ್ನೇ ಬರೆದೆ. ಅಕ್ಷರ ಮುತ್ತಿನಂತೆ ಇತ್ತು. 'ನೀನು ಕಂಡ ಜಾತ್ರೆ ಯಾವುದು?' ಎಂದು ಒಬ್ಬರೂ ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂದು ನನಗೂ ಅನ್ನಿಸಲಿಲ್ಲ. ಅದು ಇನ್ನೂ ದೊಡ್ಡ ನಷ್ಟ.

1986ರಲ್ಲಿ ರಂಗಪ್ರವೇಶವಾಯಿತು. ನಿಮ್ಮಲ್ಲಿ ಎಷ್ಟೋ ಜನ ಮಗಳಿಗೆ ಮಾಡಿಸಿದ್ದೀರಿ, ಇಲ್ಲವೇ ಮಾಡಿಸಿದವರ ಮನೆಯ ಊಟ ಉಂಡು ಬಂದಿದ್ದೀರಿ. ಆದ್ದರಿಂದ ವಿವರಿಸಬೇಕಾಗಿಲ್ಲ. ಸಭಾಂಗಣ, ಪಕ್ಕವಾದ್ಯದವರು, ಮೂರು ಜೊತೆ ರೇಷ್ಮೆ ಉಡುಪು, ತಲೆಯಿಂದ ಸೊಂಟದವರೆಗೆ ಕೆಂಪುಕಲ್ಲಿನ ಒಡವೆ, ಆಹ್ವಾನ ಪತ್ರಿಕೆ, ಮುಖ್ಯ ಅತಿಥಿಗೆ ಹಾರ ಶಾಲು, ಕೊನೆಗೆ ಊಟ. ನಮ್ಮಪ್ಪ ಪ್ರಾವಿಡೆಂಟ್ ಫಂಡಿನಿಂದ ಸಾಲ ತೆಗೆದರು. ಆ ದಿನ ನನ್ನನ್ನು ನೋಡಿದವರು ಎಷ್ಟು ಜನ, ನೃತ್ಯವನ್ನು ನೋಡಿದವರು ಎಷ್ಟು ಜನ ಎಂದು ಈಗ ಲೆಕ್ಕ ಹಾಕಿದರೆ ನಾಚಿಕೆಯಾಗುತ್ತದೆ. ಆ ಸಂಜೆ ತೆಗೆದ ಫೋಟೋಗಳ ಪೈಕಿ ಎರಡು ನನ್ನ ಜಾತಕದ ಜೊತೆ ಊರೂರು ಸುತ್ತಿದವು. "ಹುಡುಗಿ ಭರತನಾಟ್ಯ ಕಲಿತಿದ್ದಾಳೆ" ಎಂಬುದು "ಹುಡುಗಿಗೆ ಹೊಲಿಗೆ ಬರುತ್ತದೆ" ಎಂಬುದರ ಪಕ್ಕದಲ್ಲಿ ಕೂತಿತು.

1990ರಲ್ಲಿ ಮದುವೆಯಾಯಿತು. ಮದುವೆಗೆ ಮುಂಚೆ ಯಾವುದು ಅರ್ಹತೆಯಾಗಿತ್ತೋ ಮದುವೆಯಾದ ಮೇಲೆ ಅದೇ ಹಟವಾಯಿತು. ಅತ್ತೆ ಕೆಟ್ಟವರಲ್ಲ. "ಗೆಜ್ಜೆ ಕಟ್ಟಿದ್ದು ಸಾಕು. ಬೇಕಾದರೆ ನಾಲ್ಕು ಮಕ್ಕಳಿಗೆ ಹೇಳಿಕೊಡು" ಎಂದರು. ಹೇಳಿಕೊಡುವುದು ಗೌರವದ ಕೆಲಸ, ಕುಣಿಯುವುದಲ್ಲ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ಆಗ ಯೋಚಿಸಲಿಲ್ಲ. ಮಾಳಿಗೆಯ ಕೋಣೆಯಲ್ಲಿ ತಟ್ಟುಮಣೆ ಇಟ್ಟುಕೊಂಡು ತರಗತಿ ಶುರುಮಾಡಿದೆ. ಇಪ್ಪತ್ತು ವರ್ಷ ನಾನು ಬರೆದಿದ್ದ ಕಾಪಿ ಪುಸ್ತಕವನ್ನೇ ಬೇರೆ ಮಕ್ಕಳಿಂದ ಬರೆಸಿದೆ.

ಇಲ್ಲಿ ಒಂದು ತಪ್ಪೊಪ್ಪಿಗೆ ಮಾಡಬೇಕು. 1998ರಲ್ಲಿ ನನ್ನ ಹತ್ತಿರ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಕಲಿಯುತ್ತಿದ್ದಳು. ಯಶೋದೆ ಮೊಸರು ಕಡೆಯುವ ಸಂಚಾರಿ ಹೇಳಿಕೊಡುತ್ತಿದ್ದೆ. ಅರ್ಧ ಕೂತು, ಎರಡೂ ಕೈ ಮುಷ್ಟಿ ಮಾಡಿ, ಕತ್ತನ್ನು ಲಯಕ್ಕೆ ಸರಿಯಾಗಿ ಅತ್ತಿತ್ತ ಆಡಿಸುವುದು. ಆ ಹುಡುಗಿ, "ಮಿಸ್, ನಮ್ಮಜ್ಜಿ ಹೀಗೆ ಕಡೆಯೋದಿಲ್ಲ. ಒಂದು ಕಾಲು ಚಾಚ್ಕೊಂಡು, ಆ ಕಾಲಲ್ಲೇ ಮಡಕೆ ಒತ್ತಿ ಹಿಡ್ಕೊಂಡು ಕಡೀತಾರೆ. ನಮ್ಮಜ್ಜಿ ಥರ ಮಾಡಿ ತೋರಿಸ್ಲಾ?" ಎಂದಳು. ನಾನು ತಟ್ಟುಕೋಲನ್ನು ಒಮ್ಮೆ ಜೋರಾಗಿ ತಟ್ಟಿ, "ನೃತ್ಯದಲ್ಲಿ ಹಾಗೆಲ್ಲ ಕೂರೋ ಹಾಗಿಲ್ಲ. ಹೇಳಿದ್ದು ಮಾಡು" ಎಂದೆ. ಅವಳು ಹೇಳಿದ್ದನ್ನು ಮಾಡಿದಳು. ಚೆನ್ನಾಗಿಯೇ ಮಾಡಿದಳು. ಮುಂದಿನ ವರ್ಷ ತರಗತಿ ಬಿಟ್ಟಳು. ಓದು ಜಾಸ್ತಿಯಾಯಿತು ಎಂದರು ಅವಳ ತಾಯಿ. ಇರಬಹುದು. ಆದರೆ ಕಾಲು ಚಾಚಿ ಕೂತ ಆ ಅಜ್ಜಿಯನ್ನು ನಾನು ನೋಡಲೇ ಇಲ್ಲ ಎಂಬುದು ಇಂದಿಗೂ ನನ್ನನ್ನು ಕೊರೆಯುತ್ತದೆ. ಆ ಮಗು ತಾನು ಕಂಡ ಜಾತ್ರೆಯನ್ನು ಬರೆಯಲು ಬಂದಿತ್ತು, ನಾನು ಪೆನ್ಸಿಲು ಕಿತ್ತುಕೊಂಡೆ.

'ನೃತ್ಯದಲ್ಲಿ ಹಾಗಿಲ್ಲ' ಎಂದೆನಲ್ಲ, ಹಾಗೆಂದು ಯಾರು ಹೇಳಿದರು? ಶಾಸ್ತ್ರ, ಪರಂಪರೆ, ಶುದ್ಧ ಶೈಲಿ ಎನ್ನುತ್ತೇವೆ. ಇವು ಎರಡು ಸಾವಿರ ವರ್ಷದಿಂದ ಕದಲದೆ ನಿಂತಿವೆ ಎಂದು ನಮ್ಮನ್ನು ನಂಬಿಸಿದ್ದಾರೆ. ಸ್ವಲ್ಪ ಇತಿಹಾಸ ನೋಡೋಣ ಬನ್ನಿ.

ನಾವು ಅಲರಿಪ್ಪು, ಜತಿಸ್ವರ, ಶಬ್ದ, ವರ್ಣ, ಪದ, ಜಾವಳಿ, ತಿಲ್ಲಾನ ಎಂದು ಒಂದು ಕ್ರಮ ಹೇಳುತ್ತೇವಲ್ಲ, ಅದನ್ನು ಹೊಂದಿಸಿದವರು ತಂಜಾವೂರಿನ ನಾಲ್ವರು ಸಹೋದರರು: ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದವರು. ಅವರಲ್ಲಿ ಚಿನ್ನಯ್ಯ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ, ನಮ್ಮ ಮೈಸೂರಿಗೇ, ಬಂದು ನೆಲೆಸಿದರು. ಅಂದರೆ ಈ 'ಅನಾದಿ' ಕ್ರಮಕ್ಕೆ ಸುಮಾರು ಇನ್ನೂರು ವರ್ಷ. ಅದು ಕೂಡ ತಮ್ಮ ಕಾಲಕ್ಕೆ ಏನು ಬೇಕೆಂದು ಯೋಚಿಸಿದ ನಾಲ್ವರು ಕೂತು ಮಾಡಿದ ಹೊಸ ಕೆಲಸ.

ಮುಂದೆ ಬನ್ನಿ. ಸದಿರ್ ಎಂದೂ ದಾಸಿಯಾಟ ಎಂದೂ ಕರೆಯುತ್ತಿದ್ದುದಕ್ಕೆ ಭರತನಾಟ್ಯ ಎಂಬ ಹೆಸರು ನೆಲೆನಿಂತದ್ದು 1930ರ ದಶಕದಲ್ಲಿ. 1935ರಲ್ಲಿ ರುಕ್ಮಿಣೀದೇವಿ ಅರುಂಡೇಲ್ ಅಡ್ಯಾರಿನಲ್ಲಿ ನರ್ತಿಸಿದರು, ಮರುವರ್ಷ ಕಲಾಕ್ಷೇತ್ರ ಕಟ್ಟಿದರು. ನರ್ತಕಿಯ ಬೆನ್ನಹಿಂದೆ ನಿಂತು ನುಡಿಸುತ್ತಿದ್ದ ಮೇಳವನ್ನು ವೇದಿಕೆಯ ಪಕ್ಕದಲ್ಲಿ ಕೂರಿಸಿದರು. ಉಡುಪು ಬದಲಾಯಿಸಿದರು. ಶೃಂಗಾರವನ್ನು ತಗ್ಗಿಸಿ ಭಕ್ತಿಯನ್ನು ಮುಂದೆ ತಂದರು. ಅದೇ ಕಾಲದಲ್ಲಿ, ವೀಣಾ ಧನಮ್ಮಾಳ್ ಅವರ ಮೊಮ್ಮಗಳು ಬಾಲಸರಸ್ವತಿ, ಶೃಂಗಾರವೇ ಈ ಕಲೆಯ ಜೀವ, ಅದನ್ನು ತೊಳೆಯಬೇಕಾಗಿಲ್ಲ ಎಂದು ನಿಂತರು. ತಾವೇ ಹಾಡುತ್ತ ನರ್ತಿಸಿದರು. ಇಬ್ಬರೂ ಹೆಂಗಸರು. ಒಬ್ಬರ ದಾರಿಯನ್ನು ಇನ್ನೊಬ್ಬರು ಒಪ್ಪಲಿಲ್ಲ. ಇಬ್ಬರಲ್ಲಿ ಯಾರು ಶುದ್ಧ? ಇಬ್ಬರೂ 'ನನ್ನದು ಹೀಗೆ' ಎಂದು ಹೇಳುವ ಧೈರ್ಯ ಮಾಡಿದರು. ಆ ಧೈರ್ಯದ ಫಲವನ್ನು ಹಂಚಿಕೊಂಡು ಉಣ್ಣುತ್ತಿರುವ ನಾವು, ನಮ್ಮ ಮಕ್ಕಳಿಗೆ ಮಾತ್ರ ಅದು ಕೂಡದು ಎನ್ನುತ್ತೇವೆ.

ಇನ್ನೊಂದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಈ ಕಲೆಯನ್ನು ತಲೆಮಾರುಗಟ್ಟಲೆ ಮೈಯಲ್ಲಿ ಕಾಪಾಡಿದವರು ನಮ್ಮಂಥ ಮನೆಗಳ ಹುಡುಗಿಯರಲ್ಲ. ಮೈಸೂರು ಸಂಸ್ಥಾನ 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆ ನಿಲ್ಲಿಸಿತು. 1947ರಲ್ಲಿ ಮದ್ರಾಸ್ ಪ್ರಾಂತ್ಯ ದೇವರಿಗೆ ಹೆಣ್ಣುಮಕ್ಕಳನ್ನು ಬಿಡುವುದನ್ನು ಕಾನೂನಿನಿಂದ ನಿಷೇಧಿಸಿತು. ಮಗುವೊಂದನ್ನು ದೇವರ ಹೆಸರಿನಲ್ಲಿ ಬಿಡುವ ಪದ್ಧತಿ ಹೋದದ್ದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಲೆಯನ್ನು ಎತ್ತಿ ನಮ್ಮ ಮನೆಯ ನಡುಮನೆಗೆ ತಂದುಕೊಂಡು, ಅದನ್ನು ಬಲ್ಲ ಹೆಂಗಸರನ್ನು ಹೊರಗೇ ನಿಲ್ಲಿಸಿದೆವು. 'ಕುಣಿಯುವುದು ಮರ್ಯಾದೆಯಲ್ಲ, ಹೇಳಿಕೊಡುವುದು ಮರ್ಯಾದೆ' ಎಂದ ನನ್ನ ಅತ್ತೆಯ ಮಾತಿನ ಬೇರು ಇಲ್ಲಿದೆ. ಕಲಿತ ಹುಡುಗಿ ಆ ಹೆಂಗಸರಂತಾಗಬಾರದು. ಆದ್ದರಿಂದ ಮೈ ಕುಣಿಯಬೇಕು, ಆದರೆ ಆ ಮೈಗೆ ತನ್ನದೆಂಬ ಆಸೆ, ದಣಿವು, ಸಿಟ್ಟು ಇರಬಾರದು. ಶುದ್ಧತೆ ಎಂದು ನಾವು ಕರೆದದ್ದರಲ್ಲಿ ಅರ್ಧಭಾಗ ಈ ಭಯ.

ನಮ್ಮ ನಾಡಿನ ಜಟ್ಟಿ ತಾಯಮ್ಮನವರನ್ನೇ ನೋಡಿ. 1857ರಲ್ಲಿ ಹುಟ್ಟಿದವರು, ಕುಸ್ತಿಯ ಜಟ್ಟಿಯೊಬ್ಬರ ಮಗಳು, ಮೈಸೂರು ಆಸ್ಥಾನದ ನರ್ತಕಿ. ಅಭಿನಯಕ್ಕೆ ಅವರದೇ ಹೆಸರು. ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರು ಇಳಿವಯಸ್ಸಿನಲ್ಲೂ ಮುಖ ಮತ್ತು ಕೈಯಿಂದಲೇ ಇಡೀ ಪದವನ್ನು ಕಣ್ಣಿಗೆ ಕಟ್ಟಿಸುತ್ತಿದ್ದರು; 1992ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಮೈಸೂರು ಶೈಲಿ ಎಂದು ಇಂದು ನಾವು ಗುರುತು ಹಾಕುವುದು ಇಂಥವರ ಮೈಗಳಿಂದ ಇಳಿದು ಬಂದದ್ದಕ್ಕೆ. ಯಾರದೋ ಮೈ ಯಾವುದೋ ಕಾಲದಲ್ಲಿ 'ನನಗೆ ಹೀಗೆ ಬರುತ್ತದೆ' ಎಂದು ತಿರುಗಿದ್ದೇ ಆಮೇಲಿನವರಿಗೆ ಶೈಲಿಯಾಗುತ್ತದೆ.

ಸಂಗೀತದವರಿಗೆ ಈ ಕಷ್ಟವಿಲ್ಲ. ಆಲಾಪನೆ, ನೆರವಲ್, ಕಲ್ಪನಾಸ್ವರ ಎಲ್ಲವೂ ಹಾಡುವವರ ಸ್ವಂತ. ಅದಕ್ಕೆ ಮನೋಧರ್ಮ ಎಂಬ ದೊಡ್ಡ ಹೆಸರಿದೆ. ಕಲಿತದ್ದನ್ನೇ ಒಪ್ಪಿಸಿ ಇಳಿದರೆ 'ಪಾಠಾಂತರ ಗಟ್ಟಿ, ಮನೋಧರ್ಮ ಇಲ್ಲ' ಎಂದು ವಿಮರ್ಶಕರು ಮೂಗು ಮುರಿಯುತ್ತಾರೆ. ಪದದ ಒಂದೇ ಸಾಲನ್ನು ಹತ್ತು ಬಗೆಯಲ್ಲಿ ಆ ಕ್ಷಣಕ್ಕೆ ಹೊಳೆದಂತೆ ವಿಸ್ತರಿಸುವುದು ಬಾಲಸರಸ್ವತಿಯವರಂಥ ನರ್ತಕಿಯರ ಕಲೆಯೂ ಆಗಿತ್ತು. ನಾವು ಮಾಡಿದ್ದೇನು? ಸಂಚಾರಿಗಳನ್ನು ನೋಟುಪುಸ್ತಕದಲ್ಲಿ ಬರೆಸಿ, ಪರೀಕ್ಷೆಗೆ ಇಷ್ಟು ಎಂದು ಅಳೆದು ಕೊಟ್ಟೆವು. ಹಾಡುವವರಲ್ಲಿ ಮನೋಧರ್ಮ ಎನಿಸಿಕೊಳ್ಳುವುದು ಕುಣಿಯುವ ಹುಡುಗಿಯಲ್ಲಿ ಉದ್ಧಟತನವಾಯಿತು.

ಇಷ್ಟೆಲ್ಲ ಈಗ ಹೇಳುತ್ತಿದ್ದೇನೆ. ಆದರೆ ಇತಿಹಾಸ ಓದಿ ನನಗೆ ಬುದ್ಧಿ ಬರಲಿಲ್ಲ. ಬುದ್ಧಿ ಬಂದದ್ದು ಮನೆಯ ಒಂದು ಕೋಣೆಯಲ್ಲಿ.

2011ರಲ್ಲಿ ಅತ್ತೆಗೆ ಪಾರ್ಶ್ವವಾಯು ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತೂ ಹೋಯಿತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂದರು ಡಾಕ್ಟರು. ಮೊದಲ ವಾರ ತೋಳಿನ ಬಲದಲ್ಲಿ ಎತ್ತಲು ಹೋಗಿ ನನ್ನ ಸೊಂಟವೇ ಹಿಡಿದುಕೊಂಡಿತು. ಆಮೇಲೆ ಆಸ್ಪತ್ರೆಯ ನರ್ಸ್ ಒಬ್ಬರು ತೋರಿಸಿಕೊಟ್ಟರು: "ಕಾಲು ಅಗಲ ಮಾಡಿ, ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿರಲಿ, ಅವರನ್ನ ಮೈಗೆ ಒತ್ತಿಕೊಂಡು ಎತ್ತಿ." ನನಗೆ ಅಷ್ಟು ದುಃಖದಲ್ಲೂ ನಗು ಬಂತು. ಇದು ಅರಮಂಡಿಯಲ್ಲವೇ!

ಅರಮಂಡಿಯೇ, ಆದರೆ ಒಂದು ವ್ಯತ್ಯಾಸ. "ಭಾರ ಕಾಣಬಾರದು, ಹೂವಿನ ಹಾಗಿರಬೇಕು" ಎಂದು ಗುರುಗಳು ಹದಿನಾಲ್ಕು ವರ್ಷ ಹೇಳಿದ್ದರು. ನಾನು ಇಪ್ಪತ್ತು ವರ್ಷ ಹೇಳಿದ್ದೆ. ಇಲ್ಲಿ ಭಾರವನ್ನು ಮುಚ್ಚಿಡುವ ಹಾಗಿರಲಿಲ್ಲ, ಹೊರಬೇಕಿತ್ತು. ಅತ್ತೆಯ ಮೈಯ ತೂಕ ನನ್ನ ಹೆಗಲಿಗೆ ಬಂದು, ಬೆನ್ನಿನಲ್ಲಿ ಇಳಿದು, ಸೊಂಟ ದಾಟಿ, ಎಡ ಹಿಮ್ಮಡಿಗೆ ತಲುಪಿ ನೆಲಕ್ಕೆ ಹೋಗುವುದು ನನಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು. ನನ್ನ ಮೈಯೊಳಗೆ ಇಂಥ ಒಂದು ದಾರಿ ಇದೆ ಎಂದು ನಲವತ್ತಮೂರನೆಯ ವಯಸ್ಸಿಗೆ ಗೊತ್ತಾಯಿತು.

ಇನ್ನೊಂದು ಸಂಗತಿ ಅತ್ತೆಯ ಎಡಗೈ. ಮಾತು ಹೋದ ಮೇಲೆ ಅವರಿಗೆ ಉಳಿದದ್ದು ಅದೊಂದೇ. ನೀರು ಬೇಕಾದರೆ ಹೆಬ್ಬೆರಳನ್ನು ಗಂಟಲಿಗೆ ಒತ್ತುತ್ತಿದ್ದರು. ಮಗ ಬಂದನೇ ಎಂದು ಕೇಳಲು ಕನ್ನಡಕ ಸರಿಮಾಡಿಕೊಳ್ಳುವ ಹಾಗೆ ಬೆರಳನ್ನು ಮೂಗಿನ ಮೇಲೆ ಒಯ್ಯುತ್ತಿದ್ದರು. ಅವರ ಮಗನಿಗೆ ಕನ್ನಡಕ. ಬೇಸರವಾದರೆ ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತುವುದು, ಬಿಡುವುದು, ಮತ್ತೆ ಸುತ್ತುವುದು. ನಾನು ಬಾಯಿಪಾಠ ಮಾಡಿದ 28 ಹಸ್ತಗಳಲ್ಲಿ ಇವು ಯಾವುವೂ ಇಲ್ಲ. ಆದರೂ ಒಂದು ತಿಂಗಳೊಳಗೆ ಮನೆಯವರಿಗೆಲ್ಲ, ಕೆಲಸಕ್ಕೆ ಬರುವಾಕೆಗೂ, ಅರ್ಥವಾಗುತ್ತಿದ್ದವು. ಯಾವ ಶ್ಲೋಕವೂ ಕೊಡದ ವಿನಿಯೋಗವನ್ನು ಅವರ ಅಗತ್ಯ ಕೊಟ್ಟಿತ್ತು. "ಗೆಜ್ಜೆ ಕಟ್ಟಿದ್ದು ಸಾಕು" ಎಂದಿದ್ದ ಹೆಂಗಸು ಮೂರು ವರ್ಷ ನನ್ನೆದುರು ಅಭಿನಯ ಮಾಡಿದರು. ಅವರು ನನ್ನ ಎರಡನೆಯ ಗುರು ಎಂದರೆ ಅವರಿಗೇ ಸಿಟ್ಟು ಬರುತ್ತಿತ್ತೇನೋ.

2014ರಲ್ಲಿ ಅವರು ತೀರಿಕೊಂಡರು. ತಿಂಗಳುಗಳಾದ ಮೇಲೆ ಒಂದು ಮಧ್ಯಾಹ್ನ, ಮಕ್ಕಳು ಬರುವ ಮೊದಲು, ಮಾಳಿಗೆಯ ಕೋಣೆಯಲ್ಲಿ ಸುಮ್ಮನೆ ನಿಂತೆ. ಮಂಡಿನೋವು ಶುರುವಾಗಿತ್ತು, ಪೂರ್ತಿ ಅರಮಂಡಿ ಆಗುತ್ತಿರಲಿಲ್ಲ. ಎಷ್ಟು ಆಗುತ್ತದೋ ಅಷ್ಟೇ ಕೂತೆ. ಎತ್ತುವಾಗ ಆಗುತ್ತಿದ್ದಂತೆ ಭಾರವನ್ನೆಲ್ಲ ಎಡಗಾಲಿಗೆ ಬಿಟ್ಟೆ. ಬಲಗೈಯನ್ನು ಜೋತುಬಿಟ್ಟು, ಎಡಗೈ ಒಂದರಲ್ಲೇ ಅತ್ತೆಯ ಸನ್ನೆಗಳನ್ನು ಒಂದೊಂದಾಗಿ ತಂದುಕೊಂಡೆ. ಬಾಯಲ್ಲಿ ಜತಿ ಹೇಳಿಕೊಳ್ಳುತ್ತಿದ್ದೆ. ತಾಳ ಆದಿತಾಳವೇ, ಕಾಲಿನ ಕೆಲಸ ಕಲಿತದ್ದೇ. ಆದರೆ ಅದು ಹೇಳುತ್ತಿದ್ದ ಸಂಗತಿಯನ್ನು ನನಗೆ ಯಾರೂ ಬರೆಸಿರಲಿಲ್ಲ. ಎಷ್ಟು ಹೊತ್ತಾಯಿತೋ ತಿಳಿಯದು. ತಿರುಗಿ ನೋಡಿದರೆ ಮಕ್ಕಳು ಬಾಗಿಲಲ್ಲಿ ನಿಂತಿದ್ದರು. ಅವರಲ್ಲಿ ಒಬ್ಬಳು ಕೇಳಿದಳು: "ಮಿಸ್, ಇದು ಪರೀಕ್ಷೆಗೆ ಬರುತ್ತಾ?"

ಆ ಪ್ರಶ್ನೆಯನ್ನು ಅವಳಿಗೆ ಕಲಿಸಿದವಳು ನಾನೇ.

ಇದಾದ ಮೇಲೆ ಒಂದು ಸಲ ನೆಂಟರನ್ನು ಕರೆದುಕೊಂಡು ಬೇಲೂರಿಗೆ ಹೋದೆ. ಹಾಸನದವರು ಬೇಲೂರಿಗೆ ಹೋಗುವುದೇ ನೆಂಟರು ಬಂದಾಗ. 1117ರಲ್ಲಿ ಪ್ರತಿಷ್ಠೆಯಾದ ಗುಡಿ, ನೂರು ಸಲ ನೋಡಿದ ಮದನಿಕೆಯರು. ಆ ದಿನ ಮಾತ್ರ ಕಂಡದ್ದು ಬೇರೆ. ಅವರಲ್ಲಿ ಯಾರೂ ಭಾರವನ್ನು ಮುಚ್ಚಿಟ್ಟಿಲ್ಲ! ಕನ್ನಡಿ ನೋಡುವವಳು, ಬೇಟೆಗೆ ಹೊರಟವಳು, ಸೆರಗೆಳೆಯುವ ಕೋತಿಯನ್ನು ಗದರಿಸುವವಳು; ಒಬ್ಬೊಬ್ಬಳ ಸೊಂಟ ಒಂದೊಂದು ಕಡೆ ಬಳುಕಿದೆ, ಮೈಯ ತೂಕ ಒಂದು ಕಾಲಿನ ಮೇಲೆ ಇಳಿದಿದೆ. ಒಬ್ಬಳು ನಿಂತಂತೆ ಇನ್ನೊಬ್ಬಳು ನಿಂತಿಲ್ಲ. ನಮ್ಮ ಆಹ್ವಾನ ಪತ್ರಿಕೆಗಳ ಮೇಲೆಲ್ಲ ಇವರದೇ ಚಿತ್ರ. ವೇದಿಕೆಯ ಮೇಲೆ ಮಾತ್ರ ಇಪ್ಪತ್ತು ಹುಡುಗಿಯರು ಒಂದೇ ಅಚ್ಚಿನ ಇಟ್ಟಿಗೆಯ ಹಾಗೆ ನಿಲ್ಲಬೇಕು.

ಇಷ್ಟು ಹೇಳಿದರೆ ಬರುವ ಆಕ್ಷೇಪಣೆಗಳು ನನಗೆ ಗೊತ್ತು. ಮೊದಲನೆಯದು: "ಮೊದಲು ಸರಿಯಾಗಿ ಕಲಿಯಲಿ, ಆಮೇಲೆ ಸ್ವಂತದ್ದು." ಒಪ್ಪಿದೆ. ಕಲಿಯದೆ ನನಗೂ ಏನೂ ಸಿಕ್ಕುತ್ತಿರಲಿಲ್ಲ. ಆ ಮಧ್ಯಾಹ್ನ ನನ್ನನ್ನು ಹಿಡಿದು ನಿಲ್ಲಿಸಿದ್ದು ಗುರುಗಳು ಕೊಟ್ಟ ತಾಳವೇ. ನನ್ನ ಪ್ರಶ್ನೆ, ಆ 'ಆಮೇಲೆ' ಯಾವಾಗ? ರಂಗಪ್ರವೇಶವಾಗುವವರೆಗೆ ಕಾಲ ಬಂದಿಲ್ಲ, ಅದಾದ ಮೇಲೆ ಮದುವೆ, ಮದುವೆಯಾದ ಮೇಲೆ ಮಕ್ಕಳು, ಮಕ್ಕಳಾದ ಮೇಲೆ 'ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ'. ಹೆಣ್ಣಿನ ಬಾಳಿನಲ್ಲಿ ಆಮೇಲೆ ಎಂಬ ವಾರ ಯಾವ ಕ್ಯಾಲೆಂಡರಿನಲ್ಲೂ ಇಲ್ಲ.

ಎರಡನೆಯದು: "ಹೀಗೆ ಬಿಟ್ಟರೆ ಎಲ್ಲ ಕಲಬೆರಕೆಯಾಗುತ್ತದೆ." ಸ್ವಂತ ಶೈಲಿ ಎಂದರೆ ತಿಲ್ಲಾನಕ್ಕೆ ಸಿನಿಮಾ ಹಾಡು ಜೋಡಿಸಿ, ವೇದಿಕೆಯ ಮೇಲೆ ಹೊಗೆ ಬಿಡುವುದಲ್ಲ. ಟೀವಿಯ ಸ್ಪರ್ಧೆಗಳಲ್ಲಿ ಏಳು ವರ್ಷದ ಮಗು ದೊಡ್ಡವರ ಕಣ್ಣಾಟ ಮಾಡಿ ಅಂಕ ಗಿಟ್ಟಿಸುವುದೂ ಅಲ್ಲ. ಅದು ಇನ್ನೊಂದು ಕಾಪಿ ಪುಸ್ತಕ, ಗೆರೆ ಮಾತ್ರ ಬೇರೆ. ಸ್ವಂತದ್ದು ಹುಟ್ಟಲು ತುಂಬ ಹೊತ್ತು ಬೇಕು, ತುಂಬ ಬಿಡಬೇಕು. ಚಂದ್ರಲೇಖಾ 1952ರಲ್ಲಿ ರಂಗಪ್ರವೇಶ ಮಾಡಿದವರು. ಮುಂದೆ ಎಷ್ಟೋ ವರ್ಷ ವೇದಿಕೆಯಿಂದ ದೂರ ಉಳಿದರು. 1985ರಲ್ಲಿ 'ಅಂಗಿಕಾ' ಮಾಡಿದಾಗ ಭರತನಾಟ್ಯದ ಪಕ್ಕದಲ್ಲಿ ಕಳರಿಪಯಟ್ಟನ್ನೂ ಯೋಗವನ್ನೂ ತಂದು ನಿಲ್ಲಿಸಿ, ಈ ಮೂರರ ಬೆನ್ನೆಲುಬೂ ಒಂದೇ ಎಂದು ತೋರಿಸಿದರು. ಬೈದವರು ಬೈದರು. ಆದರೆ ಅದು ಆತುರದ ಕಲಬೆರಕೆ ಎನ್ನಲು ಸಾಧ್ಯವೇ?

ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ನಾಯಿಕೆಯ ವಯಸ್ಸು. ನಾವು ಕಲಿತ ಪದ ಜಾವಳಿಗಳಲ್ಲಿ ಅವಳಿಗೆ ಯಾವಾಗಲೂ ಹದಿನಾರು. ಅವನು ಬರಲಿಲ್ಲ ಎಂದು ಸಖಿಯ ಮುಂದೆ ಅಳುತ್ತಾಳೆ, ಬಂದರೆ ಮುನಿಯುತ್ತಾಳೆ. ಆ ಪದಗಳು ಸುಂದರವೇ, ನಾನು ಇಂದಿಗೂ ಹೇಳಿಕೊಡುತ್ತೇನೆ. ಆದರೆ ನಲವತ್ತೆಂಟರ ಹೆಂಗಸು ಕಾಯುವುದು ಅವನೊಬ್ಬನಿಗೇ ಅಲ್ಲ. ಆಸ್ಪತ್ರೆಯ ರಿಪೋರ್ಟಿಗೆ ಕಾಯುತ್ತಾಳೆ, ರಾತ್ರಿ ಬಸ್ಸಿಗೆ ಬರುವ ಮಗಳಿಗೆ ಕಾಯುತ್ತಾಳೆ, ಎರಡು ಗಂಟೆ ಕಳೆದು ಮುದುಕಿಯ ಮಗ್ಗುಲು ಬದಲಾಯಿಸುವ ಹೊತ್ತಿಗೆ ಕಾಯುತ್ತಾಳೆ. ಈ ಕಾಯುವಿಕೆಗೂ ಒಂದು ರಸವಿಲ್ಲವೇ? ಅಥವಾ ದಪ್ಪಗಾದ ಸೊಂಟದಲ್ಲಿ, ನರೆತ ತಲೆಯಲ್ಲಿ ರಸ ನಿಲ್ಲುವುದಿಲ್ಲವೇ?

2017ರಲ್ಲಿ ನನ್ನ ಗುರುಗಳ ಮನೆಗೆ ಹೋಗಿ ಆ ಇಪ್ಪತ್ತು ನಿಮಿಷದ ನೃತ್ಯ ಮಾಡಿ ತೋರಿಸಿದೆ. ಅವರಿಗೆ ಎಂಬತ್ತು ದಾಟಿತ್ತು. ಅದೇ ಗಾರೆ ನೆಲ. ಕುರ್ಚಿಯಲ್ಲಿ ಕೂತು ಬೆರಳಿನಲ್ಲಿ ತಾಳ ಹಾಕುತ್ತ ನೋಡಿದರು. ಮುಗಿದ ಮೇಲೆ "ತಾಳ ಎಲ್ಲೂ ಬಿಡಲಿಲ್ಲ" ಎಂದರು. ಅಷ್ಟೇ. ಕಾಫಿ ಕುಡಿದು ನಾನು ಹೊರಡುವಾಗ, "ಆ ಬಲಗೈ ಯಾಕೆ ಹಾಗೆ ಬಿಟ್ಟಿದ್ದೆ?" ಎಂದು ಕೇಳಿದರು. ಅತ್ತೆಯ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಕಲಿಯೋವಾಗ ಹೀಗೆ ಮಾಡ್ತೀನಿ ಅಂತ ಕೇಳೋ ಹಾಗಿರಲಿಲ್ಲಮ್ಮ" ಎಂದರು. ಅದು ಮೆಚ್ಚುಗೆಯೋ ಬೇಸರವೋ ನನಗೆ ತಿಳಿಯಲಿಲ್ಲ. ಅವರಿಗೂ ಒಂದು ಜಾತ್ರೆ ಇದ್ದಿರಬೇಕು ಎಂದು ಮಾತ್ರ ದಾರಿಯುದ್ದಕ್ಕೂ ಅನ್ನಿಸುತ್ತಿತ್ತು.

ಈಗ ನನ್ನ ತರಗತಿಯಲ್ಲಿ ಕೊನೆಯ ಹದಿನೈದು ನಿಮಿಷ ಮಕ್ಕಳದು. ಅಡವು, ಹಸ್ತ, ತಾಳ ಯಾವುದರಲ್ಲೂ ರಿಯಾಯಿತಿಯಿಲ್ಲ. ಆದರೆ ಆ ಹದಿನೈದು ನಿಮಿಷ ತಟ್ಟುಕೋಲನ್ನು ಕೆಳಗಿಟ್ಟು ಕೂರುತ್ತೇನೆ. ಅವರು ನೋಡಿದ್ದನ್ನು ಮಾಡಿ ತೋರಿಸುತ್ತಾರೆ. ಬಹಳ ಸಲ ಕೆಟ್ಟದಾಗಿಯೇ ಇರುತ್ತದೆ. ಒಬ್ಬ ತಾಯಿ ಬಂದು, "ಮೇಡಂ, ನಾವು ಫೀಸು ಕೊಡೋದು ಭರತನಾಟ್ಯಕ್ಕೆ" ಎಂದು ಮಗಳನ್ನು ಬಿಡಿಸಿಕೊಂಡು ಹೋದರು. ಆಕೆಯ ಹಿಂದೆ ಇನ್ನಿಬ್ಬರೂ ಹೋದರು. ಹೋಗಲಿ. ಉಳಿದವರಲ್ಲಿ ಒಬ್ಬಳು ಮೊನ್ನೆ ಅವಳಮ್ಮ ಸಂತೆಯಲ್ಲಿ ಚೌಕಾಶಿ ಮಾಡುವುದನ್ನು ಕತ್ತಿನ ಒಂದೇ ತಿರುವಿನಲ್ಲಿ ತಂದಳು. ಆ ಕತ್ತನ್ನು ನಾನು ಹೇಳಿಕೊಟ್ಟಿರಲಿಲ್ಲ.

ನಿಮ್ಮಲ್ಲೂ ಎಷ್ಟೋ ಜನರ ಗೆಜ್ಜೆ ಟ್ರಂಕಿನ ತಳದಲ್ಲಿದೆ, ರಂಗಪ್ರವೇಶದ ರೇಷ್ಮೆ ಮಡಿಕೆಯಲ್ಲೇ ಸೀಳುತ್ತಿದೆ. ಮಗಳನ್ನು ತರಗತಿಗೆ ಕಳಿಸುತ್ತೀರಿ, ಗುರುಗಳನ್ನು ಕಂಡಾಗಲೆಲ್ಲ 'ರಂಗಪ್ರವೇಶ ಯಾವಾಗ?' ಎಂದು ಕೇಳುತ್ತೀರಿ. ನಮ್ಮಮ್ಮನೂ ಕೇಳುತ್ತಿದ್ದಳು. ಇನ್ನು ಮೇಲೆ ದಯವಿಟ್ಟು ಮಗಳನ್ನೇ ಒಂದು ಮಾತು ಕೇಳಿ: "ಈವತ್ತು ನಿನ್ನದು ಅಂತ ಏನು ಮಾಡಿದೆ?" ಅವಳು ಏನೂ ಇಲ್ಲ ಎಂದರೆ, ನಡು ಕೋಣೆಯ ಸೋಫಾ ಸರಿಸಿ ಜಾಗ ಮಾಡಿಕೊಡಿ. ಬಾಗಿಲು ಹಾಕಿಕೊಂಡು ನೀವೂ ಒಮ್ಮೆ ನಿಂತು ನೋಡಿ. ಮಂಡಿ ಎಷ್ಟು ಬಗ್ಗುತ್ತದೋ ಅಷ್ಟೇ ಬಗ್ಗಲಿ. ಆಗ ಯಾರಾದರೂ ಬಂದು ಇದು ಯಾವ ಶೈಲಿ ಎಂದು ಕೇಳಿದರೆ, ನಾನು ನಕ್ಕ ಹಾಗೆ ನಗಬೇಡಿ.